ಬಿಷನ್ ಸಿಂಗ್‌ನ ಊದಿದ ಕಾಲುಗಳು

ಸಾದತ್ ಹಸನ್ ಮಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕಥೆಯನ್ನು ನಾವು ದೇಶವಿಭಜನೆಯ ಕಥೆಯೆಂದೇ ಓದುತ್ತ ಬಂದಿದ್ದೇವೆ. ಹುಚ್ಚಾಸ್ಪತ್ರೆಯ ಒಳಗಿದ್ದವರೇ ವಿವೇಕಿಗಳು, ಹೊರಗೆ ಗಡಿ ಎಳೆದವರೇ ಹುಚ್ಚರು ಎಂದು ಹೇಳಿ ಪುಸ್ತಕ ಮುಚ್ಚುವುದು ರೂಢಿ. ಆ ಓದು ತಪ್ಪಲ್ಲ. ಆದರೆ ಅದೂ ಒಂದು ತೀರ್ಪೇ. ರೋಗಿಯನ್ನು ಸಂತನನ್ನಾಗಿ ಮಾಡಿದರೆ ಅವನ ನೋವು ಕಣ್ಣಿಗೆ ಬೀಳುವುದಿಲ್ಲ.

ಬಂಧುಗಳು ಸರಪಳಿ ಬಿಗಿದು ಲಾಹೋರಿನ ಆಸ್ಪತ್ರೆಗೆ ತಂದುಬಿಟ್ಟ ಬಿಷನ್ ಸಿಂಗ್ ಅಲ್ಲಿ ಹದಿನೈದು ವರ್ಷ ಕಳೆದಿದ್ದಾನೆ. ಹಗಲು ರಾತ್ರಿ ನಿಂತೇ ಇದ್ದು ಕಾಲುಗಳು ಊದಿಕೊಂಡಿವೆ. ಬಾಯಲ್ಲಿ ಅರ್ಥವಾಗದ ಒಂದೇ ಮಾತು. ಆದರೆ ಭೇಟಿಯ ದಿನ ಸೋಪು ಹಚ್ಚಿ ಸ್ನಾನ ಮಾಡುತ್ತಾನೆ, ಎಣ್ಣೆ ಹಾಕಿ ತಲೆ ಬಾಚಿಕೊಳ್ಳುತ್ತಾನೆ. ವಿಭಜನೆಯ ಸುದ್ದಿ ಬಂದ ಮೇಲೆ ಆ ಅರ್ಥವಾಗದ ಮಾತಿನೊಳಗೆ ಮೊದಲು ಪಾಕಿಸ್ತಾನ ಸರಕಾರ, ಆಮೇಲೆ ಅವನ ಊರಿನ ಹೆಸರು ಸೇರಿಕೊಳ್ಳುತ್ತದೆ. ‘ಪ್ರಲಾಪ’ ಎಂದು ಒಮ್ಮೆ ಬರೆದಿಟ್ಟವನಿಗೆ ಈ ಬದಲಾವಣೆ ಕೇಳಿಸದು. ಕುಡಿತ ಬಿಡಿಸಿಕೊಳ್ಳಲು ಸ್ವತಃ ಲಾಹೋರಿನ ಹುಚ್ಚಾಸ್ಪತ್ರೆ ಸೇರಿದ್ದ ಮಂಟೋಗೆ ಅದು ಕೇಳಿಸಿದೆ.

ಮನೋವೈದ್ಯರು ಜನರ ನಡತೆಯ ಬಗ್ಗೆ ತೀರ್ಪು ಕೊಡಬೇಕೆ? ನಡತೆಯನ್ನು ನೋಡದೆ ಚಿಕಿತ್ಸೆ ಸಾಧ್ಯವಿಲ್ಲ; ನಿದ್ದೆ, ಊಟ, ಮಾತು ಎಲ್ಲವನ್ನೂ ವಿಚಾರಿಸಲೇಬೇಕು. ಆದರೆ ನೋಡುವುದು ಬೇರೆ, ನ್ಯಾಯ ತೀರಿಸುವುದು ಬೇರೆ. 1851ರಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಒಡೆಯರಿಂದ ಓಡಿಹೋಗುವ ಗುಲಾಮರಿಗೆ ಮನೋರೋಗವಿದೆ ಎಂದು ಅದಕ್ಕೊಂದು ಹೆಸರನ್ನೇ ಇಟ್ಟ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಕಲಮು ಇಂಥದ್ದನ್ನು ತಡೆಯುತ್ತದೆ. ಒಬ್ಬರ ಧರ್ಮ, ಅಂತಸ್ತುಗಳನ್ನು ನೋಡಿಯಾಗಲಿ, ಅವರು ತಮ್ಮ ಸಮುದಾಯದ ನೀತಿ ನಂಬಿಕೆಗಳಿಗೆ ಹೊಂದಿಕೊಳ್ಳುವುದಿಲ್ಲ ಎಂದಾಗಲಿ ಕಾಯಿಲೆಯನ್ನು ನಿರ್ಧರಿಸುವಂತಿಲ್ಲ.

ಕಾಯ್ದೆಯೇನೋ ಇದೆ. ನನ್ನ ಬಂಧುವೊಬ್ಬಳು ನಿದ್ದೆಯಿಲ್ಲದೆ ಬಳಲುತ್ತಿದ್ದಾಗ ಮನೆಯ ಹಿರಿಯರು, “ಈಮಾನ್ ಕಮ್ಮಿಯಾಗಿದೆ, ನಮಾಜ್ ಸರಿಯಾಗಿ ಮಾಡು” ಎಂದರು. ಕೊನೆಗೆ ವೈದ್ಯರ ಬಳಿ ಹೋದರೆ ಅವರು ಬುರ್ಖಾ ನೋಡಿ, “ನಿಮ್ಮವರಲ್ಲಿ ಇದೆಲ್ಲ ಇದ್ದದ್ದೇ” ಎಂದರು. ಅವಳು ಮತ್ತೆ ಅಲ್ಲಿಗೆ ಹೋಗಲಿಲ್ಲ. ಎರಡೂ ಕಡೆ ತೀರ್ಪು ಸಿಕ್ಕಿತು. ಎಷ್ಟು ದಿನದಿಂದ ನಿದ್ದೆಯಿಲ್ಲ ಎಂದು ಯಾರೂ ಕೇಳಲಿಲ್ಲ.

ಹಾಗಾದರೆ ಹೆಂಡತಿಯನ್ನು ಹೊಡೆಯುವವನ ಮುಂದೆಯೂ ವೈದ್ಯರು ಸುಮ್ಮನಿರಬೇಕೆ? ಖಂಡಿತ ಇಲ್ಲ. ಹೊಡೆತ ತಿನ್ನುವವಳನ್ನು ಕಾಪಾಡಲೇಬೇಕು. ಆದರೆ ತಪ್ಪನ್ನು ತಪ್ಪೆನ್ನಲು ಕಾಯಿಲೆಯ ಹೆಸರು ಬೇಕಿಲ್ಲ. ಗಲ್ಲು ತಪ್ಪಿಸಲು ಬಂಧುಗಳು ಲಂಚ ಕೊಟ್ಟು ಹುಚ್ಚಾಸ್ಪತ್ರೆ ಸೇರಿಸಿದ ಕೊಲೆಗಾರರೂ ಮಂಟೋ ಕಥೆಯಲ್ಲಿದ್ದಾರೆ. ತೀರ್ಪು ಮತ್ತು ಚಿಕಿತ್ಸೆ ಬೆರೆತುಹೋದರೆ ತಪ್ಪಿತಸ್ಥನಿಗೆ ಆಸ್ಪತ್ರೆ ಅಡಗುತಾಣವಾಗುತ್ತದೆ, ರೋಗಿಗೆ ಜೈಲಾಗುತ್ತದೆ.

ಕಥೆಯ ಕೊನೆಯಲ್ಲಿ ಎರಡು ದೇಶಗಳ ಅಧಿಕಾರಿಗಳೂ ಬಿಷನ್ ಸಿಂಗ್ ಯಾವ ಕಡೆಗೆ ಸೇರಿದವನೆಂದು ಹೇಳಬಲ್ಲರು. ಅವನ ಊದಿದ ಕಾಲುಗಳಿಗೆ ಮದ್ದು ಹಚ್ಚಿದವರ ಮಾತು ಮಾತ್ರ ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ.