ಹಾವಿನ ಮೊಟ್ಟೆ: ಕಾವಿನ ಲೆಕ್ಕ, ಹದದ ಲೆಕ್ಕ

ಬೇಸಿಗೆ ಮುಗಿದು ಮುಂಗಾರು ಕಾಲಿಡುವ ದಿನಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿಯನ್ನು ನೀವು ಓದಿಯೇ ಇರುತ್ತೀರಿ. ಮನೆಯ ಪಾಯ ತೋಡುವಾಗಲೋ ಹೊಲದ ಬದು ಕಡಿಯುವಾಗಲೋ ಹಾವಿನ ಮೊಟ್ಟೆಗಳು ಸಿಕ್ಕವು. ಹಾವು ಹಿಡಿಯುವವರೊಬ್ಬರು ಅವನ್ನು ಮನೆಗೆ ಒಯ್ದು ಕೃತಕ ಕಾವು ಕೊಟ್ಟರು. ಇಷ್ಟು ಮರಿಗಳು ಹೊರಬಂದವು. ಅವನ್ನು ಕಾಡಿಗೆ ಬಿಡಲಾಯಿತು. ಇನ್ನೊಂದು ಬಗೆಯ ಬರವಣಿಗೆ ಹೊರದೇಶದ್ದು. ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವನ್ನು ಮನೆಯಲ್ಲಿ ಸಾಕಿ ಮರಿ ಮಾಡಿಸುವವರಿಗಾಗಿ ಬರೆದ ಕೈಪಿಡಿಗಳು ಇವು. ಕುತೂಹಲವುಳ್ಳ ವಿದ್ಯಾರ್ಥಿಗಳು ಮೊದಲನೆಯದನ್ನು ಓದಿ ಉತ್ಸಾಹಗೊಂಡು, ಎರಡನೆಯದರಲ್ಲಿ ವಿಧಾನ ಹುಡುಕುತ್ತಾರೆ.

ಈ ಎರಡೂ ಬಗೆಯ ಬರಹಗಳನ್ನು ವಿಜ್ಞಾನದ ಬರಹಗಳೆಂದು ಓದಿದರೆ ನಮಗೆ ಏನು ಸಿಗುತ್ತದೆ, ಏನು ತಪ್ಪಿಹೋಗುತ್ತದೆ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನು ತೆಗೆದುಕೊಳ್ಳೋಣ. ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಗದ್ದೆಯೂ ಮಳೆಯನ್ನೇ ನಂಬಿದ ಒಣಭೂಮಿಯೂ ಒಂದೇ ಜಿಲ್ಲೆಯಲ್ಲಿರುವುದರಿಂದ ನಮ್ಮ ವಾದಕ್ಕೆ ಇದು ಅನುಕೂಲವಾದ ಪ್ರಯೋಗಶಾಲೆ.

ಮೊದಲು ಒಳ್ಳೆಯ ಮಾತು. ಮೊಟ್ಟೆ ಕಂಡ ಕೂಡಲೇ ಕಲ್ಲಿನಿಂದ ಜಜ್ಜುವ ಅಥವಾ ಸೀಮೆಎಣ್ಣೆ ಸುರಿದು ಸುಡುವ ರೂಢಿ ಇನ್ನೂ ಇರುವ ಊರುಗಳಲ್ಲಿ, 'ಯಾರನ್ನಾದರೂ ಕರೆಸೋಣ' ಎಂದು ರೈತರು ಯೋಚಿಸುವಂತೆ ಇಂಥ ಸುದ್ದಿಗಳು ಮಾಡಿವೆ. ಇಲಿಗಳನ್ನು ತಿನ್ನುವ ಕೇರೆಹಾವು ಗಂಗಾವತಿಯ ಗದ್ದೆಗಳಿಗೆ ಎಷ್ಟು ಬೇಕಾದ ಪ್ರಾಣಿಯೆಂದು ಹೇಳಬೇಕಿಲ್ಲ. ಈ ಉಪಕಾರವನ್ನು ಒಪ್ಪಿಕೊಂಡೇ ಮುಂದಿನ ಆಕ್ಷೇಪಗಳನ್ನು ಓದಬೇಕೆಂದು ಕೋರುತ್ತೇನೆ.

ಕೋಳಿಯ ಹೋಲಿಕೆ ಎಲ್ಲಿ ಎಡವುತ್ತದೆ?

'ಕಾವು' ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಕಾವು ಎಂದರೆ ಬಿಸಿ. ಕೋಳಿ ಮೊಟ್ಟೆಯ ಮೇಲೆ ಕೂರುವುದೂ ಕಾವೇ. ಹಾಗಾಗಿ ಥರ್ಮೋಕೋಲ್ ಪೆಟ್ಟಿಗೆಗೆ ಒಂದು ಬಲ್ಬು ಹಾಕಿದರೆ ಕೆಲಸ ಮುಗಿಯಿತೆಂದು ಬರಹಗಾರರೂ ಓದುಗರೂ ಭಾವಿಸುತ್ತಾರೆ.

ಕೋಳಿಮೊಟ್ಟೆಗೆ ಗಟ್ಟಿಯಾದ ಸುಣ್ಣದ ಚಿಪ್ಪಿದೆ. ಸುಮಾರು 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 21 ದಿನ ಕಳೆಯುವ ಹೊತ್ತಿಗೆ ಅದು ತನ್ನ ತೂಕದ ಶೇಕಡಾ 12ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳುತ್ತದೆ, ಕಳೆದುಕೊಳ್ಳಲೂ ಬೇಕು. ಹಾವಿನ ಮೊಟ್ಟೆಯ ಹೊದಿಕೆ ಚರ್ಮದ ಕಾಗದದಂತೆ ಮೆತ್ತಗಿರುತ್ತದೆ. ಸುತ್ತಲಿನ ಮಣ್ಣು ಹಸಿಯಾಗಿದ್ದರೆ ಅದು ನೀರನ್ನು ಹೀರಿಕೊಂಡು ಇಟ್ಟ ದಿನಕ್ಕಿಂತ ಭಾರವಾಗುತ್ತದೆ; ಒಣಗಿದ್ದರೆ ಗುಳಿಬಿದ್ದು ಮುದುಡುತ್ತದೆ. ಕೋಳಿಮೊಟ್ಟೆಯಲ್ಲಿ ಹಳದಿಯನ್ನು ಹಿಡಿದಿಡುವ ತಿರುಚಿದ ಎಳೆಗಳಿರುವುದರಿಂದ ಅದನ್ನು ಹೊರಳಿಸಬಹುದು. ಹಾವಿನ ಮೊಟ್ಟೆಯಲ್ಲಿ ಆ ಎಳೆಗಳಿಲ್ಲ. ಭ್ರೂಣ ಒಂದು ಬದಿಗೆ ನೆಲೆಯಾದ ಮೇಲೆ ಮೊಟ್ಟೆಯನ್ನು ಮಗುಚಿದರೆ ಅಪಾಯ. ಮೊಟ್ಟೆಗಳನ್ನು ಬುಟ್ಟಿಯಲ್ಲಿ ಹೇಗೆ ಒಯ್ದರು, ಮೇಲ್ಬದಿಗೆ ಗುರುತು ಹಾಕಿದ್ದರೇ ಎಂಬುದನ್ನು ಸುದ್ದಿಗಳು ಹೇಳುವುದೇ ಇಲ್ಲ.

ಇನ್ನೊಂದು ತಪ್ಪು ಗ್ರಹಿಕೆಯನ್ನೂ ಇಲ್ಲೇ ಬಿಡಿಸಿಬಿಡೋಣ. ಮೊಸಳೆಗಳಲ್ಲಿ ಮತ್ತು ಅನೇಕ ಆಮೆಗಳಲ್ಲಿ ಮರಿ ಹೆಣ್ಣೋ ಗಂಡೋ ಎಂಬುದು ಕಾವಿನ ಉಷ್ಣತೆಯಿಂದ ತೀರ್ಮಾನವಾಗುತ್ತದೆ. ಇದನ್ನು ಹಾವಿಗೂ ಅನ್ವಯಿಸಿ ಬರೆಯುವವರಿದ್ದಾರೆ. ಹಾವುಗಳಲ್ಲಿ ಲಿಂಗವನ್ನು ನಿರ್ಧರಿಸುವುದು ವರ್ಣತಂತುಗಳು. ಉಷ್ಣತೆ ಹೆಚ್ಚಾದರೆ ಅವಧಿ ಕಡಿಮೆಯಾಗುತ್ತದೆ. ಮಿತಿಮೀರಿದರೆ ಮರಿಗಳ ಬೆನ್ನುಮೂಳೆ ಸೊಟ್ಟಗಾಗುತ್ತದೆ ಅಥವಾ ಭ್ರೂಣ ಸಾಯುತ್ತದೆ.

ಕೈಪಿಡಿಯ ಅಂಕಿಗಳು

ಕಾರ್ನ್ ಸ್ನೇಕ್ ಕೈಪಿಡಿಗಳು ಈ ವಿಷಯದಲ್ಲಿ ವಾಸಿ. ಸುಮಾರು 28 ಡಿಗ್ರಿ ಉಷ್ಣತೆ, ಒದ್ದೆ ಮಾಡಿದ ವರ್ಮಿಕ್ಯುಲೈಟ್, ಶೇಕಡಾ 90ರ ಸಾಪೇಕ್ಷ ಆರ್ದ್ರತೆ, ಸುಮಾರು 60 ದಿನ ಎಂದು ಅವು ಹೇಳುತ್ತವೆ. ಅಂಕಿಗಳು ತಪ್ಪಲ್ಲ. ಆದರೆ ಅವು ತಂಪಾದ ಕೋಣೆಯಲ್ಲಿ ಕುಳಿತು ಬರೆದ ಅಂಕಿಗಳು. ಅಲ್ಲಿನ ಪೆಟ್ಟಿಗೆಗೆ ಬೇಕಾದದ್ದು ಬಿಸಿ. ಉಷ್ಣತಾ ನಿಯಂತ್ರಕ ಬಲ್ಬನ್ನು ಹೊತ್ತಿಸುತ್ತದೆ, ಆರಿಸುತ್ತದೆ. ಕುಷ್ಟಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ತಗಡಿನ ಚಾವಣಿಯ ಕೋಣೆ 38 ಡಿಗ್ರಿ ಮುಟ್ಟಿದಾಗ ಅದೇ ನಿಯಂತ್ರಕ ಬಲ್ಬನ್ನು ಆರಿಸಿ ಸುಮ್ಮನಿರುತ್ತದೆ. ಪೆಟ್ಟಿಗೆಯನ್ನು ತಂಪು ಮಾಡುವ ಶಕ್ತಿ ಅದಕ್ಕಿಲ್ಲ.

'ಶೇಕಡಾ 90' ಎಂಬುದನ್ನೂ ಬಿಡಿಸಿ ನೋಡಬೇಕು. ಸಾಪೇಕ್ಷ ಆರ್ದ್ರತೆ ಒಂದು ಅನುಪಾತ. ಮೊಟ್ಟೆಯಿಂದ ನೀರು ಆವಿಯಾಗುವುದು ಆವಿಯ ಒತ್ತಡದ ಕೊರತೆಯಿಂದ. 28 ಡಿಗ್ರಿಯಲ್ಲಿ ಸಂತೃಪ್ತ ಆವಿಯ ಒತ್ತಡ 3.78 ಕಿಲೋಪಾಸ್ಕಲ್, ಶೇಕಡಾ 90 ಆರ್ದ್ರತೆಯಿದ್ದರೆ ಕೊರತೆ 0.38. 38 ಡಿಗ್ರಿಯಲ್ಲಿ ಸಂತೃಪ್ತ ಒತ್ತಡ 6.63, ಅದೇ ಶೇಕಡಾ 90ಕ್ಕೆ ಕೊರತೆ 0.66. ಮಾಪಕ ತೋರುವ ಅಂಕಿ ಬದಲಾಗಿಲ್ಲ, ಒಣಗಿಸುವ ಬಲ ಹೆಚ್ಚುಕಡಿಮೆ ಮುಕ್ಕಾಲು ಪಾಲು ಏರಿತು. ಇನ್ನು 40 ಡಿಗ್ರಿ, ಶೇಕಡಾ 20ರ ಬೇಸಿಗೆಯ ಗಾಳಿಯಲ್ಲಿ ಕೊರತೆ ಸುಮಾರು 5.9 ಕಿಲೋಪಾಸ್ಕಲ್. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ಪತ್ರಿಕೆಯವರಿಗೆ, ನೆರೆಯವರಿಗೆ ತೋರಿಸುವಾಗ ಪೆಟ್ಟಿಗೆಯೊಳಗೆ ನುಗ್ಗುವುದು ಈ ಗಾಳಿ.

ಹಾಗೆಂದು ಗಾಳಿಯಾಡದಂತೆ ಮುಚ್ಚಿಟ್ಟರೂ ಆಗದು. 28 ಡಿಗ್ರಿ, ಶೇಕಡಾ 90ರ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಮುಚ್ಚಳ ಒಳಗಿನ ಗಾಳಿಗಿಂತ ಎರಡೇ ಡಿಗ್ರಿ ತಣ್ಣಗಾದರೂ ಹನಿಗಟ್ಟಿ ನೀರು ಮೊಟ್ಟೆಯ ಮೇಲೆ ತೊಟ್ಟಿಕ್ಕುತ್ತದೆ. ಮೊಟ್ಟೆಯ ಹೊದಿಕೆಯ ರಂಧ್ರಗಳ ಮೂಲಕವೇ ಆಮ್ಲಜನಕ ಒಳಹೋಗಬೇಕು. ಕೊನೆಯ ವಾರಗಳಲ್ಲಿ, ಭ್ರೂಣ ಬೆಳೆದು ಆಮ್ಲಜನಕ ಹೆಚ್ಚು ಬೇಕಾದಾಗ, ಹೊದಿಕೆಯ ಮೇಲೆ ನೀರಿನ ಪೊರೆ ನಿಂತರೆ ಅದು ಉಸಿರುಗಟ್ಟಿದಂತೆ.

ಎರೆಯ ಹದ, ಮಸಾರಿಯ ಹದ

ವರ್ಮಿಕ್ಯುಲೈಟ್ ಸಿಗದಿದ್ದಾಗ 'ಒದ್ದೆ ಮರಳು ಅಥವಾ ಮಣ್ಣು' ಎಂದು ಬರೆದು ಕೈತೊಳೆದುಕೊಳ್ಳುವುದು ಸಾಮಾನ್ಯ. ಇಲ್ಲಿ ಯಲಬುರ್ಗಾದ ರೈತ ನಮ್ಮ ಬರಹಗಾರರಿಗಿಂತ ಒಳ್ಳೆಯ ಭೌತವಿಜ್ಞಾನಿ. ಮಸಾರಿ ಹೊಲಕ್ಕೆ ಸಣ್ಣ ಮಳೆಯಾದರೂ ಬಿತ್ತನೆಗೆ ಹದ ಬರುತ್ತದೆ, ಎರೆಹೊಲಕ್ಕೆ ದೊಡ್ಡ ಮಳೆಯೇ ಬೇಕು ಎಂದು ಅವನಿಗೆ ಗೊತ್ತು. ಎರೆಮಣ್ಣಿನ ಅತಿ ಸಣ್ಣ ಕಣಗಳು ನೀರನ್ನು ಬಿಗಿಯಾಗಿ ಹಿಡಿದಿಡುತ್ತವೆ. ತೂಕದ ಶೇಕಡಾ 10ರಷ್ಟು ನೀರು ಮರಳಿನಲ್ಲಿದ್ದರೆ ಅದು ಹಸಿ. ಅಷ್ಟೇ ನೀರು ಎರೆಯಲ್ಲಿದ್ದರೆ ಬೀಜವೂ ಮೊಳೆಯದಷ್ಟು ಒಣಕು. ಬೀಜಕ್ಕೆ ಅನ್ವಯಿಸುವ ಈ ನಿಯಮ ಹಾವಿನ ಮೊಟ್ಟೆಗೂ ಅನ್ವಯಿಸುತ್ತದೆ. ಎಷ್ಟು ನೀರಿದೆ ಎಂಬುದಕ್ಕಿಂತ ಅದನ್ನು ಮಣ್ಣು ಎಷ್ಟು ಬಲವಾಗಿ ಹಿಡಿದಿದೆ ಎಂಬುದು ಮುಖ್ಯ. ವಿಜ್ಞಾನ ಇದನ್ನು ಜಲವಿಭವ ಎನ್ನುತ್ತದೆ, ರೈತ ಹದ ಎನ್ನುತ್ತಾನೆ.

ತಾಯಿಹಾವು ಈ ಲೆಕ್ಕವನ್ನು ಜಾಗದ ಆಯ್ಕೆಯಲ್ಲೇ ಮುಗಿಸಿರುತ್ತದೆ. ಇಲಿಬಿಲ, ಹುತ್ತ, ಮರದ ಬೇರಿನ ಪೊಟರೆಗಳನ್ನು ಅದು ಹುಡುಕುವುದು ಸುಮ್ಮನೆ ಅಲ್ಲ. ಮಣ್ಣಿನ ಉಷ್ಣ ವಿಸರಣಾಂಕವನ್ನು ಸೆಕೆಂಡಿಗೆ 0.5 ಚದರ ಮಿಲಿಮೀಟರ್ ಎಂದಿಟ್ಟುಕೊಂಡರೆ, ಹಗಲಿರುಳಿನ ಉಷ್ಣತೆಯ ಏರಿಳಿತ ಸುಮಾರು ಪ್ರತಿ 12 ಸೆಂಟಿಮೀಟರ್ ಆಳಕ್ಕೆ ಶೇಕಡಾ 37ಕ್ಕೆ ಇಳಿಯುತ್ತದೆ. 36 ಸೆಂಟಿಮೀಟರಿನಲ್ಲಿ ಉಳಿಯುವುದು ಶೇಕಡಾ 5 ಮಾತ್ರ. ಮೇಲ್ಮೈಯಲ್ಲಿ ಸರಾಸರಿಗಿಂತ 15 ಡಿಗ್ರಿ ಮೇಲೆ ಕೆಳಗೆ ಆಗುತ್ತಿದ್ದರೆ ಅಲ್ಲಿ ಒಂದು ಡಿಗ್ರಿಗೂ ಕಡಿಮೆ. ಮಧ್ಯಾಹ್ನದ ಬಿಸಿಯ ಶಿಖರ ಅಲ್ಲಿಗೆ ತಲುಪುವುದು ಹನ್ನೊಂದೂವರೆ ಗಂಟೆ ತಡವಾಗಿ, ನಡುರಾತ್ರಿಯ ಆಚೆಗೆ. ವಿದ್ಯುತ್ ಹೋದರೂ ಕೆಡದ ಇಂಥ ಪೆಟ್ಟಿಗೆಯಿಂದ ಮೊಟ್ಟೆಯನ್ನು ತೆಗೆದು ಥರ್ಮೋಕೋಲಿಗೆ ತರುವುದನ್ನು 'ರಕ್ಷಣೆ' ಎಂದು ಕರೆಯುವ ಮುನ್ನ, ತೆಗೆಯುವುದು ಅನಿವಾರ್ಯವಾಗಿತ್ತೇ ಎಂದು ಸುದ್ದಿ ಕೇಳಬೇಕಿತ್ತು.

ಬರೆದಿಡದ ಲೆಕ್ಕ

'ಹದಿನೆಂಟು ಮರಿಗಳು ಹೊರಬಂದವು' ಎಂಬಂಥ ವಾಕ್ಯ ಓದಿದಾಗ ನೀವು ಕೇಳಬೇಕಾದ ಪ್ರಶ್ನೆ, ಎಷ್ಟು ಮೊಟ್ಟೆಗಳಲ್ಲಿ? ಅಲ್ಲೇ ಬಿಟ್ಟಿದ್ದರೆ ಎಷ್ಟು ಬರುತ್ತಿದ್ದವು? ಉಷ್ಣತೆಯನ್ನು ದಿನಕ್ಕೆ ಎಷ್ಟು ಸಲ ಅಳೆದರು? ವಿಫಲವಾದ ಪೆಟ್ಟಿಗೆಗಳು ಸುದ್ದಿಯಾಗುವುದಿಲ್ಲವಾದ್ದರಿಂದ ಎಲ್ಲ ಪೆಟ್ಟಿಗೆಗಳೂ ಗೆದ್ದಂತೆ ಕಾಣುತ್ತದೆ.

ಕಾರ್ನ್ ಸ್ನೇಕ್ ಸಾಕುವವರಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ಯಾವ ಜೋಡಿ, ಎಷ್ಟು ಮೊಟ್ಟೆ, ಯಾವ ಬಣ್ಣದ ಮರಿಗಳೆಷ್ಟು ಎಂದು ಅವರು ತಲೆಮಾರುಗಳ ದಾಖಲೆ ಇಡುತ್ತಾರೆ. ಕಪ್ಪು ವರ್ಣಕವಿಲ್ಲದ ಕೆಂಪು ಹಾವು ಮೆಂಡೆಲನ ಅಪ್ರಬಲ ಗುಣದಂತೆ ಒಂದಕ್ಕೆ ಮೂರರ ಪ್ರಮಾಣದಲ್ಲಿ ಮರಳಿ ಬರುವುದು ಅಂಥ ಎಣಿಕೆಯಿಂದಲೇ ತಿಳಿಯುವುದು. ಅಂಥ ತಳಿಗಳನ್ನು ಬಳಸಿಯೇ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಈ ಬಣ್ಣಕ್ಕೆ ಒಸಿಎ2 ಎಂಬ ಜೀನಿನಲ್ಲಿ ಆದ ಬದಲಾವಣೆ ಕಾರಣವೆಂದು ತೋರಿಸಿದರು. ಬರೆದಿಟ್ಟ ಹವ್ಯಾಸ ವಿಜ್ಞಾನಕ್ಕೆ ನೆರವಾಯಿತು.

ನಮ್ಮ ರಾಜ್ಯದಲ್ಲೂ ಮಾದರಿ ಇಲ್ಲದಿಲ್ಲ. ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗ ಸರ್ಪದ ಗೂಡುಗಳನ್ನು ಇದ್ದಲ್ಲೇ ಉಳಿಸಿ ಗಮನಿಸುವ ಪದ್ಧತಿಯನ್ನು ಬೆಳೆಸಿತು. ತರಗೆಲೆಯ ಗೂಡಿನ ಉಷ್ಣತೆ, ಆರ್ದ್ರತೆಗಳನ್ನು ಅಳೆಯುವುದು, ಊರಿನವರೊಡನೆ ಮಾತಾಡುವುದು, ಮರಿಗಳು ಬರುವ ಹೊತ್ತಿಗೆ ಗೂಡಿಗೆ ಬಲೆ ಕಟ್ಟುವುದು ಇದರ ಭಾಗ. ಪಶ್ಚಿಮ ಘಟ್ಟದ ಕಾಳಿಂಗಕ್ಕೆ 2024ರಲ್ಲಿ ಪ್ರತ್ಯೇಕ ಪ್ರಭೇದದ ಸ್ಥಾನ ದೊರೆತು, ಅದರ ವೈಜ್ಞಾನಿಕ ಹೆಸರಿನಲ್ಲಿ 'ಕಾಳಿಂಗ' ಎಂಬ ನಮ್ಮ ಪದವೇ ಸೇರಿದೆ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ 'ಬೇಟೆ' ಎಂಬ ವ್ಯಾಖ್ಯೆಯಲ್ಲಿ ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು ಮಾತ್ರವಲ್ಲ, ಮೊಟ್ಟೆ ಮತ್ತು ಗೂಡುಗಳನ್ನು ಕದಲಿಸುವುದೂ ಸೇರಿದೆ. ಆದ್ದರಿಂದ ಶಾಲೆಯ ಪ್ರಯೋಗಶಾಲೆಯಲ್ಲಿ ಕೇರೆಯ ಮೊಟ್ಟೆಗೆ ಕಾವು ಕೊಡುವುದು ವಿಜ್ಞಾನದ ಚಟುವಟಿಕೆಯಲ್ಲ. ಮೊಟ್ಟೆ ಸಿಕ್ಕರೆ ಮಣ್ಣು ಮುಚ್ಚಿ, ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸುವುದೇ ಮೊದಲ ಹೆಜ್ಜೆ.

ಅಧ್ಯಾಪಕ ಮಿತ್ರರೇ, ಹಾವಿಲ್ಲದೆ, ಮೊಟ್ಟೆಯಿಲ್ಲದೆ ಈ ಪಾಠವನ್ನು ಮಾಡಬಹುದು. ಗಂಗಾವತಿಯ ಗದ್ದೆಯ ಬದುವಿನಲ್ಲಿ, ಕುಷ್ಟಗಿಯ ಒಣಹೊಲದಲ್ಲಿ 5, 15, 30 ಸೆಂಟಿಮೀಟರ್ ಆಳಕ್ಕೆ ಉಷ್ಣತಾಮಾಪಕಗಳನ್ನು ಇಳಿಸಿ, ಎರಡು ದಿನ ಮೂರು ಗಂಟೆಗೊಮ್ಮೆ ಓದಿ ನಕ್ಷೆ ಬರೆಯಿಸಿ. ಗುಂಡಿ ತೋಡುವ ಮೊದಲು ಬಿಲ, ಹುತ್ತಗಳಿಂದ ದೂರವಿರಿ. ಎರಡು ತಾಲ್ಲೂಕಿನ ಶಾಲೆಗಳು ನಕ್ಷೆಗಳನ್ನು ವಿನಿಮಯ ಮಾಡಿಕೊಳ್ಳಲಿ. ಮುಂದಿನ ಮುಂಗಾರಿನಲ್ಲಿ 'ಕೃತಕ ಕಾವು' ಎಂಬ ಸುದ್ದಿ ಬಂದಾಗ, ಆಳ ಎಷ್ಟಿತ್ತು, ಹದ ಹೇಗಿತ್ತು, ಮೊಟ್ಟೆ ಎಷ್ಟಿದ್ದವು ಎಂದು ನಿಮ್ಮ ವಿದ್ಯಾರ್ಥಿಗಳೇ ಪತ್ರಿಕೆಗೆ ಬರೆದು ಕೇಳುತ್ತಾರೆ.