ಹಸೆ ಚಿತ್ತಾರ: ರಸಗ್ರಹಣದ ನೆಲೆ

ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಮಹಿಳೆಯರು ಮದುವೆಯ ಸಂದರ್ಭದಲ್ಲಿ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಸಂಕೇತಗಳ ಪಟ್ಟಿಯಾಗಿ ವಿವರಿಸುವುದು ಸುಲಭ. ಇಂಥ ವಿವರಣೆ ಅರ್ಥವನ್ನು ತಿಳಿಸುತ್ತದೆಯೇ ಹೊರತು ನೋಡುವುದನ್ನು ಕಲಿಸುವುದಿಲ್ಲ.

ಈ ಕಲೆಯ ಸೊಗಸಿರುವುದು ಎಳೆಯಲ್ಲಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಯಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ: ವರ್ಣಗಳು ಪರಿಮಿತ. ಪುಂಡಿ ನಾರಿನ ಕುಂಚದಿಂದ ಎಳೆದ ಗೆರೆಗಳು ಸಮಾಂತರವಾಗಿ ಸಾಗಿ, ಒಂದನ್ನೊಂದು ಹಾಯ್ದು, ಚೌಕಟ್ಟಿನೊಳಗೆ ಚೌಕಟ್ಟನ್ನು ಕಟ್ಟುತ್ತವೆ. ವಧೂವರರ ಆಕೃತಿಗಳೂ ಈ ರೇಖಾವಿನ್ಯಾಸಕ್ಕೆ ಒಳಪಟ್ಟಿವೆ. ಮುಖದ ವಿವರಗಳಿಗೆ ಪ್ರಾಧಾನ್ಯವಿಲ್ಲ. ಇದನ್ನು ಕೌಶಲದ ಕೊರತೆಯೆಂದು ಬಗೆಯುವವರು ವಾಸ್ತವಿಕ ಚಿತ್ರಣದ ಅಳತೆಗೋಲನ್ನು ಸಲ್ಲದ ಕಡೆ ಬಳಸುತ್ತಾರೆ. ಇಲ್ಲಿ ಗೆರೆಗಳ ಹೆಣಿಗೆಯೇ ದಾಂಪತ್ಯದ ಸಂಬಂಧವನ್ನು ಹೇಳುತ್ತದೆ.

ಇಂದು ಚಿತ್ತಾರ ಕಾಗದ, ಬಟ್ಟೆಗಳಿಗೂ ಬಂದಿದೆ. ಇದನ್ನು ಅವನತಿಯೆಂದು ತಳ್ಳಿಹಾಕಬೇಕಿಲ್ಲ. ಆದರೆ ಎದುರು ಕುಳಿತ ಮದುಮಕ್ಕಳೊಡನೆ, ಹಸೆಯ ಹಾಡಿನೊಡನೆ ಪೂರ್ಣಗೊಳ್ಳುವ ರಚನೆ ಅಲ್ಲಿ ಒಂಟಿಯಾಗುತ್ತದೆ. ಆ ತೆರವನ್ನು ಗುರುತಿಸುತ್ತಲೇ ಎಳೆಯ ಬಿಗಿಯನ್ನೂ ಅಳೆಯಬಲ್ಲ ಕಣ್ಣು ರಸಗ್ರಹಣಕ್ಕೆ ಅಗತ್ಯ. ಒಬ್ಬಳ ಎಳೆಗೂ ಇನ್ನೊಬ್ಬಳ ಎಳೆಗೂ ಇರುವ ಭೇದವನ್ನು ಅಂಥ ಕಣ್ಣು ಕಾಣುತ್ತದೆ. ಅದನ್ನು ಕಂಡ ಮೇಲೆ, ‘ಜಾನಪದ’ವೆಂಬ ಹಣೆಪಟ್ಟಿ ಬರೆದವಳ ಹೆಸರನ್ನು ಅಳಿಸಲು ನೆಪವಾಗಲಾರದು.