ಭೂಮಿಸೂಕ್ತದಲ್ಲಿ ಬಲಿಶಬ್ದದ ಅರ್ಥವಿಚಾರ

ಅಥರ್ವವೇದದ ಹನ್ನೆರಡನೆಯ ಕಾಂಡದ ಮೊದಲನೆಯ ಸೂಕ್ತವು ಭೂಮಿಸೂಕ್ತವೆಂದು ಪ್ರಸಿದ್ಧವಾದುದು. ಇದರಲ್ಲಿ ೬೩ ಮಂತ್ರಗಳಿವೆ. ಇವುಗಳಲ್ಲಿ ಎಲ್ಲರ ಬಾಯಲ್ಲಿಯೂ ನಿಂತಿರುವುದು ಹನ್ನೆರಡನೆಯ ಮಂತ್ರದ ಒಂದು ಭಾಗ ಮಾತ್ರ. ಭೂಮಿಯು ತಾಯಿ, ಮನುಷ್ಯನು ಅವಳ ಮಗನು ಎಂಬುದು ಅದರ ಅಭಿಪ್ರಾಯ. ಸಭೆಗಳಲ್ಲಿಯೂ ಪಾಠಗಳಲ್ಲಿಯೂ ಈ ಭಾಗವೊಂದನ್ನೇ ಉದ್ಧರಿಸಿ, ಉಳಿದ ಸೂಕ್ತವೆಲ್ಲವೂ ಇದರದೇ ವಿಸ್ತಾರವೆಂದು ಹೇಳುವ ರೂಢಿಯಾಗಿದೆ. ಕೆಲವರು ಇದನ್ನು ದೇಶಭಕ್ತಿಯ ಆದಿಗೀತವೆನ್ನುತ್ತಾರೆ. ಮತ್ತೆ ಕೆಲವರು ಪ್ರಕೃತಿವರ್ಣನೆಯ ಉತ್ತಮ ಕಾವ್ಯವೆನ್ನುತ್ತಾರೆ. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಎರಡರಲ್ಲಿಯೂ ಸೂಕ್ತದ ತಾತ್ಪರ್ಯವು ಕೈತಪ್ಪಿ ಹೋಗುತ್ತದೆಂದು ತೋರುವುದರಿಂದ ಈ ವಿಚಾರವನ್ನು ವಿದ್ವಾಂಸರ ಮುಂದಿಡುತ್ತಿದ್ದೇವೆ.

ಅಥರ್ವವೇದಕ್ಕೆ ಸಾಯಣಾಚಾರ್ಯರ ಭಾಷ್ಯವು ಪೂರ್ಣವಾಗಿ ದೊರೆತಿಲ್ಲ. ಹನ್ನೆರಡನೆಯ ಕಾಂಡವು ದೊರೆತ ಭಾಗದೊಳಗೆ ಸೇರಿಲ್ಲ. ಹೀಗಿರಲು ಅರ್ಥನಿರ್ಣಯಕ್ಕೆ ಎರಡು ಮಾರ್ಗಗಳನ್ನು ಹಿಡಿಯಬಹುದು. ಮೊದಲನೆಯದು, ಮೀಮಾಂಸಾಮರ್ಯಾದೆಯಂತೆ ಉಪಕ್ರಮ, ಉಪಸಂಹಾರ, ಅಪೂರ್ವತಾ ಮೊದಲಾದ ತಾತ್ಪರ್ಯಲಿಂಗಗಳಿಂದ ಸೂಕ್ತವನ್ನು ಪರೀಕ್ಷಿಸುವುದು. ಎರಡನೆಯದು, ಸೂಕ್ತದ ವಿನಿಯೋಗವನ್ನು ಸೂತ್ರಗ್ರಂಥಗಳಲ್ಲಿ ನೋಡುವುದು.

ಉಪಕ್ರಮದಲ್ಲಿ ಋಷಿಯು ಭೂಮಿಯನ್ನು ಯಾವುದು ಧರಿಸಿದೆಯೆಂಬುದನ್ನು ಹೇಳುತ್ತಾನೆ. ಸತ್ಯ, ಋತ, ದೀಕ್ಷೆ, ತಪಸ್ಸು, ಬ್ರಹ್ಮ, ಯಜ್ಞ ಇವೇ ಧಾರಕಗಳು. ಗಮನಿಸತಕ್ಕ ಅಂಶವೇನೆಂದರೆ, ಭೂಮಿಯು ನಮ್ಮನ್ನು ಹೊತ್ತಿದ್ದಾಳೆಂಬ ಮಾತಿಗಿಂತ ಮೊದಲು, ಅವಳನ್ನು ಹೊರುವ ಭಾರದಲ್ಲಿ ನಮ್ಮ ಪಾಲೂ ಉಂಟೆಂಬ ಮಾತು ಬಂದಿದೆ. ದೀಕ್ಷೆ, ತಪಸ್ಸು, ಯಜ್ಞಗಳು ಮನುಷ್ಯನಿಂದ ಆಗಬೇಕಾದವುಗಳಷ್ಟೆ. ಇನ್ನು ಉಪಸಂಹಾರ: ೬೨ನೆಯ ಮಂತ್ರದಲ್ಲಿ ರೋಗವಿಲ್ಲದ ಬಾಳನ್ನೂ ದೀರ್ಘಾಯುಸ್ಸನ್ನೂ ಬೇಡಿ, ಕೊನೆಯಲ್ಲಿ ತಾವು ಭೂಮಿಗೆ ಬಲಿಯನ್ನು ತರುವವರಾಗಬೇಕೆಂದು ಪ್ರಾರ್ಥಿಸಿದ್ದಾರೆ. ೬೩ನೆಯದು ತಾಯಿಯು ತನ್ನನ್ನು ನೆಲೆಯಲ್ಲಿ ನಿಲ್ಲಿಸಲೆಂಬ ಬೇಡಿಕೆ. ಆದಿಯಲ್ಲಿ ಯಜ್ಞ, ಅಂತ್ಯದಲ್ಲಿ ಬಲಿ. ಇವೆರಡರ ನಡುವೆ ತಾಯಿಮಕ್ಕಳ ಮಾತು ಬಂದಿದೆ. ಆದುದರಿಂದ ನಡುವಿನ ಮಾತನ್ನು ಎರಡು ಕೊನೆಗಳಿಂದ ಬಿಡಿಸಿ ಅರ್ಥಮಾಡುವುದು ಶಾಸ್ತ್ರಸಮ್ಮತವಾಗಲಾರದು.

ಇಲ್ಲಿ ಬಲಿಶಬ್ದದ ಅರ್ಥವು ವಿಚಾರಾರ್ಹವಾಗಿದೆ. ಈಗಿನ ಕನ್ನಡದಲ್ಲಿ ಬಲಿಯೆಂದರೆ ಪ್ರಾಣಿವಧೆಯೇ ಮೊದಲು ತೋರುತ್ತದೆ. ವೇದದ ಪ್ರಯೋಗವು ಬೇರೆ. ಋಗ್ವೇದದ ಏಳನೆಯ ಹಾಗೂ ಹತ್ತನೆಯ ಮಂಡಲಗಳಲ್ಲಿ ಬಲಿಯನ್ನು ತರುವವರೆಂದರೆ ಒಡೆಯನಿಗೆ ಕಪ್ಪವನ್ನು ಒಪ್ಪಿಸುವ ಪ್ರಜೆಗಳು. ಲೌಕಿಕಸಂಸ್ಕೃತದಲ್ಲಿಯೂ ಈ ಅರ್ಥವು ಉಳಿದುಬಂದಿದೆ. ರಘುವಂಶದ ಮೊದಲ ಸರ್ಗದಲ್ಲಿ ದಿಲೀಪನು ಪ್ರಜೆಗಳಿಂದ ಕರವನ್ನು ತೆಗೆದುಕೊಂಡುದನ್ನು ಕಾಳಿದಾಸನು ಇದೇ ಶಬ್ದದಿಂದ ಹೇಳಿ, ಸೂರ್ಯನು ನೀರನ್ನು ಹೀರಿ ಸಾವಿರಪಾಲಾಗಿ ಹಿಂದಿರುಗಿಸುವುದನ್ನು ಅದಕ್ಕೆ ದೃಷ್ಟಾಂತವಾಗಿ ಕೊಟ್ಟಿದ್ದಾನೆ. ಹೀಗೆ ನೋಡಿದರೆ ಭೂಮಿಗೆ ಬಲಿಯನ್ನು ತರುವುದೆಂದರೆ ಇಷ್ಟವಿದ್ದಾಗ ಕೊಡುವ ಕಾಣಿಕೆಯಲ್ಲ. ಯಾವಳ ಆಶ್ರಯದಲ್ಲಿ ಬೆಳೆದೆವೋ ಅವಳಿಗೆ ಸಲ್ಲಿಸಲೇಬೇಕಾದ ಬಾಕಿ. ಮಗನೆಂಬ ಮಾತಿನಲ್ಲಿ ಪಡೆಯುವ ಹಕ್ಕು ಕಾಣುತ್ತದೆ. ಬಲಿಯನ್ನು ತರುವವನೆಂಬ ಮಾತಿನಲ್ಲಿ ಕೊಡುವ ಹೊಣೆ ಕಾಣುತ್ತದೆ. ಸೂಕ್ತಕ್ಕೆ ಎರಡೂ ಬೇಕಾಗಿವೆ.

ಈ ಸೂಕ್ತದಲ್ಲಿ ಬೇಡಿಕೆಗಳೇ ಹೆಚ್ಚಲ್ಲವೆ ಎಂಬ ಆಕ್ಷೇಪವು ಬರಬಹುದು. ಹಾಲು, ಅನ್ನ, ಚಿನ್ನ, ನಿಧಿ, ಶತ್ರುಗಳ ಮೇಲೆ ಜಯ ಎಲ್ಲವನ್ನೂ ಋಷಿಯು ಬೇಡಿದ್ದಾನೆ; ಭೂಮಿಯನ್ನು ಹಸುವೆಂದು ಕರೆದು ಧಾರೆಧಾರೆಯಾಗಿ ಕರೆಯಲೆಂದಿದ್ದಾನೆ. ಇದನ್ನು ನಾವು ಮರೆಮಾಚುವುದಿಲ್ಲ. ಆದರೆ ಅಪೂರ್ವತೆಯು ಬೇಡಿಕೆಯಲ್ಲಿಲ್ಲ. ಅಂಥ ಬೇಡಿಕೆಗಳು ಇತರ ಸೂಕ್ತಗಳಲ್ಲಿಯೂ ಹೇರಳವಾಗಿವೆ. ಅಪೂರ್ವವಾದುದು ೩೫ನೆಯ ಮಂತ್ರ. ಅಲ್ಲಿ ನೆಲವನ್ನು ಅಗೆಯುವವನು ಭೂಮಿಯನ್ನು ಕುರಿತು, ತಾನು ಅಗೆದ ಎಡೆಯು ಬೇಗನೆ ಮತ್ತೆ ತುಂಬಿ ಬೆಳೆಯಲಿ, ತನ್ನ ಪೆಟ್ಟು ಅವಳ ಮರ್ಮಕ್ಕಾಗಲಿ ಹೃದಯಕ್ಕಾಗಲಿ ತಾಗದಿರಲಿ ಎಂದು ಬೇಡಿಕೊಳ್ಳುತ್ತಾನೆ. ಅಗೆಯುವುದನ್ನು ಮಂತ್ರವು ನಿಷೇಧಿಸಲಿಲ್ಲ. ಅಗೆಯದೆ ಅನ್ನವಿಲ್ಲವೆಂಬುದು ಋಷಿಗೆ ಗೊತ್ತು. ಆದರೆ ಅಗೆತಕ್ಕೆ ಒಂದು ಎಲ್ಲೆಯನ್ನು ಅದು ಹಾಕಿದೆ: ತೆಗೆದುಕೊಂಡುದು ಮತ್ತೆ ಚಿಗುರುವಷ್ಟಿರಬೇಕು. ನಿತ್ಯವೂ ಪ್ರಾತಃಕಾಲದಲ್ಲಿ ಪಾದಸ್ಪರ್ಶಕ್ಕಾಗಿ ಭೂದೇವಿಯ ಕ್ಷಮೆಯನ್ನು ಬೇಡುವ ಶ್ಲೋಕವು ಮನೆಮನೆಯಲ್ಲಿ ತಿಳಿದುದೇ. ಅಲ್ಲಿರುವುದು ವಿನಯ. ಇಲ್ಲಿ ವಿನಯದೊಡನೆ ಪ್ರಮಾಣವೂ ಸೇರಿದೆ.

ವಿನಿಯೋಗದ ಮಾರ್ಗವೂ ಇದನ್ನೇ ಬಲಪಡಿಸುತ್ತದೆ. ಕೌಶಿಕಸೂತ್ರದಲ್ಲಿ ಈ ಸೂಕ್ತವು ಆಗ್ರಹಾಯಣೀಕರ್ಮಕ್ಕೆ ವಿನಿಯುಕ್ತವಾಗಿದೆ. ಅದು ಮಾರ್ಗಶೀರ್ಷದ ಹುಣ್ಣಿಮೆಯ ಕರ್ಮ. ಮಳೆಗಾಲದಲ್ಲಿ ಸರ್ಪಭಯದಿಂದ ಎತ್ತರದ ಹಾಸಿಗೆಯಲ್ಲಿ ಮಲಗುತ್ತಿದ್ದವರು ಹೇಮಂತದಲ್ಲಿ ಮತ್ತೆ ನೆಲಕ್ಕಿಳಿದು ಮಲಗುವ ಪ್ರತ್ಯವರೋಹಣವನ್ನು ಗೃಹ್ಯಸೂತ್ರಗಳು ಈ ಕಾಲದಲ್ಲಿಯೇ ವಿಧಿಸುತ್ತವೆ. ಇದನ್ನು ಮನಸ್ಸಿನಲ್ಲಿಟ್ಟು ಓದಿದರೆ, ಬಿಡಿಬಿಡಿಯಾಗಿ ತೋರುತ್ತಿದ್ದ ಮಂತ್ರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ೩೪ನೆಯ ಮಂತ್ರದಲ್ಲಿ ಬಲಮಗ್ಗುಲಿಗೂ ಎಡಮಗ್ಗುಲಿಗೂ ಹೊರಳಿ ಮಲಗುವವನು ಹಿಂಸೆಯಾಗದಿರಲೆಂದು ಬೇಡುತ್ತಾನೆ. ೪೬ನೆಯದರಲ್ಲಿ ಹೇಮಂತದ ಚಳಿಗೆ ಜಡವಾಗಿ ಬಿಲದಲ್ಲಿ ಮಲಗಿದ ಹಾವುಚೇಳುಗಳ ಪ್ರಸ್ತಾಪವಿದೆ. ಇದನ್ನು ಹಾಡಿದವರು ನೆಲವನ್ನು ದೂರದಿಂದ ನೋಡಿ ವರ್ಣಿಸಿದವರಲ್ಲ. ಆ ರಾತ್ರಿ ಅದರ ಮೇಲೆ ಮೈಚಾಚಬೇಕಾಗಿದ್ದವರು. ಮಲಗುವವನ ಮಂತ್ರದ ಹಿಂದೆಯೇ ಅಗೆಯುವವನ ಮಂತ್ರವು ಬಂದಿರುವುದೂ ಅರ್ಥವತ್ತಾಗಿದೆ. ತನಗೆ ಹಿಂಸೆಯಾಗದಿರಲೆಂದು ಕೇಳಿದವನು ಒಡನೆಯೇ, ತನ್ನಿಂದಲೂ ಹಿಂಸೆಯಾಗದಿರಲೆನ್ನುತ್ತಾನೆ.

ಕೊಡುವ ಬಗೆ ಯಾವುದೆಂಬುದಕ್ಕೆ ಪುರಾಣದಲ್ಲಿ ಒಂದು ಉತ್ತರವಿದೆ. ಭಾಗವತದ ಚತುರ್ಥಸ್ಕಂಧದಲ್ಲಿ ಪೃಥುಚಕ್ರವರ್ತಿಯು ಬಾಣವನ್ನು ಹೂಡಿ ಭೂಮಿಯನ್ನು ಅಟ್ಟಿದ ಕಥೆಯನ್ನು ಸಾಮಾನ್ಯವಾಗಿ ರಾಜನ ಪರಾಕ್ರಮಕ್ಕಾಗಿ ಹೇಳುತ್ತಾರೆ. ಆದರೆ ಅಲ್ಲಿ ಭೂಮಿಯ ಮಾತೇ ಮುಖ್ಯ. ವ್ರತವಿಲ್ಲದವರು ಓಷಧಿಗಳನ್ನು ತಿಂದುಹಾಕುತ್ತಿದ್ದರು, ತನ್ನನ್ನು ಯಾರೂ ಪಾಲಿಸಲಿಲ್ಲ, ಆದುದರಿಂದ ಬೀಜಗಳನ್ನು ನುಂಗಿದೆನೆಂದು ಅವಳು ಹೇಳುತ್ತಾಳೆ. ಬಳಿಕ ತನ್ನನ್ನು ಸಮಮಾಡೆಂದೂ, ಮಳೆಗಾಲ ಕಳೆದ ಮೇಲೆಯೂ ಮಳೆಯ ನೀರು ತನ್ನಲ್ಲಿ ನಿಲ್ಲುವಂತೆ ಮಾಡೆಂದೂ ಕೇಳುತ್ತಾಳೆ. ಹಾಲು ಕರೆಯುವುದು ಅದರ ನಂತರ. ಕೊಡದೆ ಉಣ್ಣುವವನು ಕಳ್ಳನೆಂಬ ಗೀತೆಯ ಮೂರನೆಯ ಅಧ್ಯಾಯದ ಸಿದ್ಧಾಂತಕ್ಕೆ ಇದು ಹೊಲದಲ್ಲಿ ಕಾಣುವ ಉದಾಹರಣೆ. ಒಡ್ಡು ಕಟ್ಟುವುದು, ಕೆರೆಯ ಹೂಳನ್ನು ಹೊಲಕ್ಕೆ ಹೇರುವುದು, ಗೊಬ್ಬರ ಹಾಕುವುದು ಇವೂ ಬಲಿಯೇ ಆದುವೆಂದು ಈ ಕಥೆಯ ಬಲದಿಂದ ಹೇಳಬಹುದು.

ನಮ್ಮ ನಾಡಿನ ಆಚರಣೆಗಳೂ ಇಲ್ಲಿ ಸ್ಮರಣೀಯವಾಗಿವೆ. ಆಶ್ವಯುಜಮಾಸದ ಭೂಮಿಹುಣ್ಣಿಮೆಯಂದು ಮಲೆನಾಡಿನ ರೈತರು, ತೆನೆಗಟ್ಟುವ ಗದ್ದೆಯನ್ನು ಬಸುರಿಯೆಂದು ಭಾವಿಸಿ, ರಾತ್ರಿಯೆಲ್ಲ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಬಯಕೆಯ ಊಟವನ್ನು ಒಯ್ದು ಗದ್ದೆಯಲ್ಲಿ ಚರಗ ಚೆಲ್ಲುತ್ತಾರೆ. ತುಳುನಾಡಿನಲ್ಲಿ ಪುಯಿಂತೆಲ್ ತಿಂಗಳ ಕೊನೆಯ ಕೆಡ್ಡಸದಲ್ಲಿ ಭೂಮಿಯು ರಜಸ್ವಲೆಯಾದಳೆಂದು ಮೂರು ದಿನ ಅಗೆಯುವುದಿಲ್ಲ, ಉಳುವುದಿಲ್ಲ; ಬಳಿಕ ಹೆಂಗಸರು ನೆಲಕ್ಕೆ ಎಣ್ಣೆಯನ್ನೆರೆದು ಪೂಜಿಸುತ್ತಾರೆ. ಇವು ಭೂಮಿಸೂಕ್ತದಿಂದ ಇಳಿದುಬಂದುವೆಂದು ಹೇಳುವುದು ನಿರಾಧಾರವಾದ ಮಾತಾದೀತು. ವೇದವನ್ನು ಕೇಳದ ಕುಲಗಳೇ ಇವನ್ನು ಕಾಪಾಡಿಕೊಂಡು ಬಂದಿವೆ. ಆದರೂ ಒಂದರಲ್ಲಿ ೬೨ನೆಯ ಮಂತ್ರದ ಬಲಿಯೂ ಮತ್ತೊಂದರಲ್ಲಿ ೩೫ನೆಯ ಮಂತ್ರದ ಸಂಯಮವೂ ಪ್ರತ್ಯಕ್ಷವಾಗಿವೆ. ಪಂಡಿತರು ಭಾಷ್ಯವಿಲ್ಲವೆಂದು ಕೊರಗುವ ಸೂಕ್ತಕ್ಕೆ ಒಕ್ಕಲುಮಕ್ಕಳ ಹಬ್ಬಗಳು ಒಂದು ಬಗೆಯ ಭಾಷ್ಯವಾಗಿ ನಿಂತಿವೆ ಎಂದರೆ ಅತಿಶಯೋಕ್ತಿಯಲ್ಲ.

ಇಷ್ಟರಿಂದ ಸಿದ್ಧವಾದುದೇನೆಂದರೆ, ಭೂಮಿಸೂಕ್ತದಲ್ಲಿ ಸ್ತುತಿಯು ಅಂಗ, ಪ್ರತ್ಯರ್ಪಣವು ಅಂಗಿ. ದೇಶಭಕ್ತಿಪಕ್ಷಕ್ಕೆ ೪೫ನೆಯ ಮಂತ್ರವೇ ಅಡ್ಡಬರುತ್ತದೆ. ನಾನಾ ಭಾಷೆಗಳನ್ನಾಡುವ, ನೆಲೆಗೆ ತಕ್ಕಂತೆ ನಾನಾ ಧರ್ಮಗಳನ್ನು ಹಿಡಿದ ಜನರೆಲ್ಲರನ್ನೂ ಅವಳು ಹೊತ್ತಿರುವಳೆಂದು ಅದು ಹೇಳುತ್ತದೆ. ಪ್ರಕೃತಿಕಾವ್ಯಪಕ್ಷಕ್ಕೆ ಬಲಿಯ ಮಾತು ಅಡ್ಡಬರುತ್ತದೆ. ಬರಿಯ ನೋಟಗಾರನಿಗೆ ಬಾಕಿಯಿರುವುದಿಲ್ಲ. ಕೋಲಾರದ ಬಯಲಿನಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಕೆಳಗಿಳಿದಿರುವ ಈ ಕಾಲದಲ್ಲಿ ಮರ್ಮವನ್ನು ತಾಕದಿರಲೆಂಬ ಪ್ರಾರ್ಥನೆಯು ಅಲಂಕಾರವಾಗಿ ಉಳಿದಿಲ್ಲ. ಆದುದರಿಂದ ಉಪಾಧ್ಯಾಯರು ಹನ್ನೆರಡನೆಯ ಮಂತ್ರವನ್ನು ಪಾಠ ಹೇಳುವಾಗ ೩೫ನ್ನೂ ೬೨ನ್ನೂ ಅದರೊಡನೆ ಸೇರಿಸಿಯೇ ಹೇಳಬೇಕೆಂದು ನಮ್ಮ ಸೂಚನೆ. ತಾಯಿಯೆಂದು ಕರೆಯಲು ಕಲಿತ ಮಗುವು, ತಾನು ತೆಗೆದುಕೊಂಡುದೆಷ್ಟು, ಹಿಂದಕ್ಕೆ ತಂದುದೆಷ್ಟು ಎಂಬ ಲೆಕ್ಕವನ್ನೂ ಆಗಲೇ ಕಲಿತೀತು. ಇದರ ಯುಕ್ತಾಯುಕ್ತತೆಯನ್ನು ಸಹೃದಯರು ವಿಚಾರಿಸಬೇಕೆಂದು ಬೇಡುತ್ತೇವೆ.